ಊರಾಚೆಯ ಕೆಲಸಕ್ಕೆ ಯಾವ ಸೂರು ಒಳ್ಳೇದು?

ರಸ್ತೆ, ಟವರ್, ಗಣಿ ಅಂತ ಜನವಸತಿಯೇ ಇಲ್ಲದ ಕಡೆ ಕೆಲಸ ಶುರುವಾದರೆ ಮೊದಲು ತಲೆ ಮೇಲೊಂದು ಸೂರು ಬೇಕು. ಎಷ್ಟು ಜನ, ಎಷ್ಟು ಚದರಡಿ ಎಂದು ಆಮೇಲೆ ಲೆಕ್ಕ ಹಾಕಬಹುದು. ಮೊದಲು ದಾರಿಯನ್ನು ನೋಡಿ ಬನ್ನಿ.

ಸರಕು ಸಾಗಿಸುವ ಉಕ್ಕಿನ ಕಂಟೇನರನ್ನೇ ಕೋಣೆ ಮಾಡಿಕೊಳ್ಳೋಣ ಅಂತೀರಾ? 20 ಅಡಿಯದು ಖಾಲಿ ಇದ್ದರೂ ಎರಡು ಟನ್‌ಗಿಂತ ಜಾಸ್ತಿ ತೂಗುತ್ತದೆ. ಇಳಿಸಲು ಕ್ರೇನ್ ಬೇಕು, ಕ್ರೇನ್ ನಿಲ್ಲಲು ಗಟ್ಟಿ ನೆಲ ಬೇಕು, ಬರುವ ದಾರಿಯ ತಿರುವುಗಳಲ್ಲಿ ಟ್ರೇಲರ್ ಹೊರಳಬೇಕು. ಇಷ್ಟೂ ಆಗದಿದ್ದರೆ ಕಂಟೇನರ್ ಆಸೆ ಬಿಡಿ. ಬಿಡಿಬಿಡಿಯಾಗಿ ತಂದು ಬೋಲ್ಟ್ ಹಾಕಿ ಜೋಡಿಸುವ ಪ್ಯಾನೆಲ್ ಕೋಣೆಯೋ, ಕಂಬಿ ಚೌಕಟ್ಟಿನ ಮೇಲೆ ಬಟ್ಟೆ ಬಿಗಿಯುವ ಶೆಡ್ಡೋ ಸರಿಹೋಗುತ್ತದೆ.

ಎರಡನೆಯದು ಅವಧಿ. ಕೆಲವು ವಾರಗಳಿಗಾದರೆ ಟೆಂಟ್ ಸಾಕು. ತಿಂಗಳುಗಟ್ಟಲೆ ಇರಬೇಕಾದರೆ ಬಟ್ಟೆ ಶೆಡ್ ಅಥವಾ ಪ್ಯಾನೆಲ್ ಕೋಣೆ. ವರ್ಷ ದಾಟುವ, ಜಾಗ ಬದಲಿಸುವ ಕೆಲಸಕ್ಕೆ ಮಾತ್ರ ಕಂಟೇನರ್ ಲಾಭ.

ಇನ್ನು ಗಾಳಿ. ಹೆಚ್ಚಿನವರು ಎಡವುವುದು ಇಲ್ಲೇ. ಗಂಟೆಗೆ 50 ಕಿ.ಮೀ. ವೇಗದ ಗಾಳಿ ಎದುರಿನ ಗೋಡೆಯ ಪ್ರತಿ ಚದರ ಮೀಟರಿಗೆ ಸುಮಾರು 12 ಕೆ.ಜಿ.ಯಷ್ಟು ಒತ್ತುತ್ತದೆ. ವೇಗ 100 ಆದರೆ ಒತ್ತಡ ನಾಲ್ಕು ಪಟ್ಟು, ಅಂದರೆ ಸುಮಾರು 48 ಕೆ.ಜಿ. ಗಾಳಿ ಗೋಡೆಯನ್ನು ತಳ್ಳಿ ಸುಮ್ನಿರುವುದಿಲ್ಲ, ಚಾವಣಿಯನ್ನು ಮೇಲಕ್ಕೂ ಎಳೆಯುತ್ತದೆ. ಹಗುರ ಶೆಡ್ ಹಾರಿಹೋಗುವುದು ಹೀಗೆ.

ಹಾಗಾಗಿ ಸೂರಿನಷ್ಟೇ ಗೂಟಕ್ಕೂ ತಲೆ ಕೆಡಿಸಿಕೊಳ್ಳಿ. ಜಾಗದಲ್ಲಿ ಒಂದು ಗೂಟ ಬಡಿದು ಅಲುಗಾಡಿಸಿ ನೋಡಿ. ಬುಡಕ್ಕೆ ಎರಡು ಬಕೆಟ್ ನೀರು ಸುರಿದು, ಇಂಗಿದ ಮೇಲೆ ಮತ್ತೆ ಎಳೆಯಿರಿ. ಒಣಗಿದಾಗ ಕಲ್ಲಿನಂತಿದ್ದ ಜೇಡಿ ನೆಲ ನೆನೆದಾಗ ಗೂಟವನ್ನು ಸಲೀಸಾಗಿ ಬಿಟ್ಟುಕೊಡಬಹುದು. ಸಡಿಲ ಮರಳಂತೂ ಮಾಮೂಲಿ ಗೂಟವನ್ನು ಹಿಡಿಯುವುದೇ ಇಲ್ಲ. ಬಂಡೆ ಇದ್ದರೆ ಗೂಟ ಇಳಿಯುವುದಿಲ್ಲ, ಕೊರೆದು ಬೋಲ್ಟ್ ಕೂರಿಸಬೇಕು. ಇದ್ಯಾವುದೂ ಆಗದ ಕಡೆ ಕಾಂಕ್ರೀಟ್ ದಿಮ್ಮಿಯ ಭಾರವೇ ಗತಿ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2.4 ಟನ್ ತೂಗುತ್ತದೆ. ಅಷ್ಟನ್ನು ಹೊತ್ತು ತರುವುದೂ ಅದೇ ದಾರಿಯಲ್ಲೇ ಅಲ್ವಾ?

ಕಂಟೇನರೇ ಬೇಕೆಂದಾದರೆ ಬರೀ ಉಕ್ಕಿನ ಡಬ್ಬ ತಂದಿಟ್ಟು ಕೈ ತೊಳೆದುಕೊಳ್ಳಬೇಡಿ. ಹಗಲಲ್ಲಿ ಒಲೆಯಂತೆ ಕಾಯುತ್ತದೆ. ರಾತ್ರಿ ತಣ್ಣಗಾದಾಗ ಒಳಗಿನ ಜನರ ಉಸಿರಿನ ತೇವವೇ ಚಾವಣಿಯಿಂದ ತೊಟ್ಟಿಕ್ಕುತ್ತದೆ. ಶಾಖ ತಡೆಯುವ ಪದರ, ಎದುರುಬದುರು ಗಾಳಿಕಂಡಿ ಎರಡೂ ಬೇಕು. ಕಿಟಕಿ ಕೊರೆದರೆ ಸುತ್ತ ಉಕ್ಕಿನ ಚೌಕಟ್ಟು ಬೆಸುಗೆ ಹಾಕಿಸಿ, ಏಕೆಂದರೆ ಆ ಸುಕ್ಕುಸುಕ್ಕು ಗೋಡೆಯೂ ಭಾರ ಹೊರುತ್ತದೆ. ಹಳೆಯದಾದರೆ ನೆಲದ ಹಲಗೆಗೆ ಕೀಟನಾಶಕ ಹಾಕಿದ್ದಾರಾ ಅಂತ ಬಾಗಿಲ ಮೇಲಿನ ಫಲಕ ಓದಿ. ಮಲಗುವ ಕೋಣೆಗೆ ಅಂಥದ್ದು ಬೇಡ.

ನಿಲ್ಲಿಸುವ ಜಾಗ ಒಣಗಿದ ಹಳ್ಳದ ಪಾತ್ರವಾಗಿರಬಾರದು, ಎಷ್ಟೇ ಸಮತಟ್ಟಾಗಿ ಕಂಡರೂ. ಜನರೇಟರ್ ದೂರವಿರಲಿ, ಹೊಗೆ ಕಿಟಕಿಯತ್ತ ಬರದಂತೆ. ಅದು ಉಗುಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

ಆರ್ಡರ್ ಕೊಡುವ ಮೊದಲು ಮಾರುವವರನ್ನು ಎರಡು ಪ್ರಶ್ನೆ ಕೇಳಿ: ಇದು ಎಷ್ಟು ವೇಗದ ಗಾಳಿ ತಡೆಯುತ್ತದೆ, ಆ ಲೆಕ್ಕ ಯಾವ ಥರದ ನೆಲಕ್ಕೆ, ಎಷ್ಟು ಗೂಟಕ್ಕೆ? ಉತ್ತರ ಬರಹದಲ್ಲಿ ಕೊಡದಿದ್ದರೆ ಬೇರೆಯವರನ್ನು ಹುಡುಕಿ. ಸಾಮಾನು ಹೊರಡುವಾಗ ಬೋಲ್ಟು, ಸ್ಪ್ಯಾನರ್, ಗೂಟದ ಪೆಟ್ಟಿಗೆ ಮೊದಲ ಲಾರಿಯಲ್ಲೇ ಬರಲಿ.