ಕೊಚ್ಚಿಗೆ ಎರಡನೇ ಸಲ, ಈ ಬಾರಿ ಆಟೋ ಇಲ್ಲದೆ

ಮೊದಲ ಸಲ ಕೊಚ್ಚಿಗೆ ಹೋದದ್ದು ಶುಕ್ರವಾರ. ಮಟ್ಟಾಂಚೇರಿ ಅರಮನೆಗೂ ಬೀಗ, ಪಕ್ಕದ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ಗೂ ಬೀಗ. ಸಾಲದ್ದಕ್ಕೆ ಆಟೋದವರು "ಸುಮ್ನೆ ನೋಡಿ ಸಾರ್, ಕೊಳ್ಳೋದು ಬೇಡ" ಅಂತ ಮೂರು ಅಂಗಡಿ ಸುತ್ತಿಸಿದರು. ನಾವು ಒಳಗೆ ಕಾಲಿಟ್ಟರೆ ಸಾಕು, ಅವರಿಗೆ ಕಮಿಷನ್. ಊರಿಗಿಂತ ರತ್ನಗಂಬಳಿ ನೋಡಿದ್ದೇ ಜಾಸ್ತಿ.

ಎರಡನೇ ಸಲ ಮಂಗಳವಾರ ಹೋದೆ. ಎರ್ನಾಕುಲಂ ಜೆಟ್ಟಿಯಿಂದ ಬೋಟ್ ಹಿಡಿದು ಬೆಳಿಗ್ಗೆ ಏಳರ ಹೊತ್ತಿಗೆ ಫೋರ್ಟ್ ಕೊಚ್ಚಿಯಲ್ಲಿದ್ದೆ. ಅಲ್ಲಿಂದ ಎಲ್ಲ ಕಾಲ್ನಡಿಗೆ.

ದಡದಲ್ಲೇ ನಿಲ್ಲಿಸಿರುವ ದೊಡ್ಡ ಮೀನಿನ ಬಲೆಗಳಿಗೆ ಇಲ್ಲಿ ಚೀನೀ ಬಲೆ ಅನ್ನುತ್ತಾರೆ. ಅವನ್ನು ನೋಡಲು ಎಲ್ಲರೂ ಸಂಜೆ ಹೋಗುತ್ತಾರೆ. ನನ್ನ ಕೇಳಿದರೆ ಬೆಳಿಗ್ಗೆಯೇ ವಾಸಿ, ಗಲಾಟೆ ಕಡಿಮೆ, ಕೆಲಸ ಕಾಣುತ್ತದೆ. ನಮ್ಮ ಏತದ್ದೇ ಲೆಕ್ಕ: ಒಂದು ತುದಿಗೆ ಬಲೆ, ಇನ್ನೊಂದಕ್ಕೆ ಹಗ್ಗದಲ್ಲಿ ಕಟ್ಟಿದ ದಪ್ಪ ದಪ್ಪ ಕಲ್ಲು. ನಾಲ್ಕೈದು ಜನ ಜಗ್ಗಿದರೆ ಕಲ್ಲು ಇಳಿಯುತ್ತದೆ, ಬಲೆ ನೀರು ಸುರಿಸುತ್ತಾ ಏಳುತ್ತದೆ. ನನ್ನ ಕೈಗೂ ಹಗ್ಗ ಕೊಟ್ಟರು. ಅಂಗೈ ಉರಿಯಿತು. ಬಿದ್ದದ್ದು ಒಂದು ಬೊಗಸೆ ಸಣ್ಣ ಮೀನು, ಒಂದು ಏಡಿ. ಆಮೇಲೆ ದುಡ್ಡು ಕೇಳಿದರು. ಕೊಟ್ಟೆ. ಆ ಏಡಿ ನೋಡಿದ ಮೇಲೆ ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಹತ್ತಿರದಲ್ಲೇ ಸೇಂಟ್ ಫ್ರಾನ್ಸಿಸ್ ಚರ್ಚ್. 1524ರಲ್ಲಿ ಕೊಚ್ಚಿಯಲ್ಲಿ ಸತ್ತ ವಾಸ್ಕೋ ಡ ಗಾಮನನ್ನು ಮೊದಲು ಹೂತದ್ದು ಇಲ್ಲಿ. ಮೂಳೆಗಳನ್ನು ಆಮೇಲೆ ಪೋರ್ಚುಗಲ್‌ಗೆ ಒಯ್ದರು. ಖಾಲಿ ಗೋರಿಗಿಂತ ನನಗೆ ಹಿಡಿಸಿದ್ದು ಮಾಡಿನಿಂದ ಇಳಿಬಿಟ್ಟ ಬಟ್ಟೆಯ ಪಂಖಗಳು. ಹಿಂದೆ ಹೊರಗೆ ಕೂತವರು ಹಗ್ಗ ಎಳೆಯಬೇಕಿತ್ತು, ಒಳಗಿದ್ದವರಿಗೆ ಗಾಳಿ!

ಬಜಾರ್ ರಸ್ತೆ ಹಿಡಿದು ಮಟ್ಟಾಂಚೇರಿ ಕಡೆ ನಡೆದೆ. ಹಳೇ ಗೋದಾಮುಗಳಿಂದ ಒಣಶುಂಠಿಯ ಘಾಟು. ಒಂದು ಕಡೆ ಕೊಂಕಣಿ ಕಿವಿಗೆ ಬಿದ್ದು ಮಂಗಳೂರಿಗೇ ಬಂದ ಹಾಗಾಯಿತು. ಹಿಂದೆ ಗೋವಾ ಬಿಟ್ಟು ಬಂದ ಕೊಂಕಣಿಗರು ಈ ಭಾಗದಲ್ಲಿ ತಲೆತಲಾಂತರದಿಂದ ಇದ್ದಾರೆ.

ಅರಮನೆ ಕಟ್ಟಿಸಿ ಕೊಚ್ಚಿ ರಾಜರಿಗೆ ಕೊಟ್ಟದ್ದು ಪೋರ್ಚುಗೀಸರು, ರಿಪೇರಿ ಮಾಡಿಸಿದ್ದು ಡಚ್ಚರು. ಹೆಸರು ಮಾತ್ರ ಡಚ್ ಅರಮನೆ! ರಾಮಾಯಣದ ಭಿತ್ತಿಚಿತ್ರಗಳಿಗೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ.

ಕೊನೆಗೆ 1568ರ ಸಿನಗಾಗ್. ಚಪ್ಪಲಿ ಹೊರಗೆ ಬಿಡಬೇಕು. ಪಾದದಡಿ ತಣ್ಣಗೆ ಚೀನಾದ ನೀಲಿ-ಬಿಳಿ ಹೆಂಚುಗಳು, ಕೈಯಲ್ಲೇ ಬರೆದವು. ಒಂದರಂತೆ ಇನ್ನೊಂದಿಲ್ಲ ಅನ್ನುತ್ತಾರೆ. ನಾನು ಹಟಕ್ಕೆ ಬಿದ್ದು ಜೋಡಿ ಹುಡುಕಿದೆ. ಒಂದು ಸಿಕ್ಕಿತು ಅಂದುಕೊಂಡರೆ ಮರದ ಕೊಂಬೆ ಬೇರೆ ಕಡೆ ಬಾಗಿತ್ತು. ಅಷ್ಟರಲ್ಲಿ ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಾಯಿತು. ಹೊರಗೆ ಬಂದು ಚಪ್ಪಲಿ ಹಾಕುವಾಗ ನೆನಪಾಯಿತು, ತಲೆ ಮೇಲೆ ತೂಗುವ ಗಾಜಿನ ದೀಪಗಳನ್ನು ನೋಡಲೇ ಇಲ್ಲ.