ಮನೆ ನೋಡುವ ಮೊದಲು ಬೀದಿ ನೋಡಿ: ನೆದರ್ಲೆಂಡ್ಸ್‌ಗೆ ಬಂದ ಹೊಸಬರಿಗೆ

ಬಂದ ಮೊದಲ ವಾರ ನಾವೆಲ್ಲ ಮಾಡುವ ತಪ್ಪು ಒಂದೇ. ಕೆಂಪು ಡಾಂಬರಿನ ನುಣುಪಾದ ದಾರಿ ಕಂಡ ಕೂಡಲೇ ಫುಟ್‌ಪಾತ್ ಅಂದುಕೊಂಡು ಹೆಂಡತಿ, ಮಕ್ಕಳು, ಸ್ಟ್ರಾಲರ್ ಸಮೇತ ಹೊರಟುಬಿಡುತ್ತೇವೆ. ಹಿಂದಿನಿಂದ ಟ್ರಿಣ್ ಟ್ರಿಣ್! ಅದು ಸೈಕಲ್ ದಾರಿ, ಇಲ್ಲಿಯವರ ಬಾಯಲ್ಲಿ ಫೀಟ್ಸ್‌ಪಾಟ್. ಪಕ್ಕದಲ್ಲಿ ಬೂದು ಕಲ್ಲು ಹಾಸಿದ್ದಾರಲ್ಲ, ಅದು ನಡೆಯೋಕೆ.

ಮನೆ ಹುಡುಕುವಾಗ ಬಾಡಿಗೆ ಎಷ್ಟು, ಬೆಡ್‌ರೂಮ್ ಎಷ್ಟು ಅಂತ ಮಾತ್ರ ಕೇಳಬೇಡಿ. ಸಹಿ ಹಾಕುವ ಮೊದಲು ಆ ಮನೆಯಿಂದ ಶಾಲೆಗೆ, ಅಂಗಡಿಗೆ, ಸ್ಟೇಷನ್ನಿಗೆ ಒಮ್ಮೆ ನಡೆದು ನೋಡಿ. ದೊಡ್ಡ ರಸ್ತೆ ಎಷ್ಟು ಸಲ ದಾಟಬೇಕಾಯಿತು? ಸಂಜೆ ಹೊತ್ತು ಮಕ್ಕಳು ಹೊರಗೆ ಆಡುತ್ತಿದ್ದಾರಾ? ಬೀದಿ ಶುರುವಾಗುವಲ್ಲಿ ಮನೆ ಮತ್ತು ಜನರ ಚಿತ್ರದ ನೀಲಿ ಬೋರ್ಡ್ ಇದ್ದರೆ ಅದು ವೋನೆರ್ಫ್. ಅಲ್ಲಿ ಕಾರು ತೆವಳಿಕೊಂಡೇ ಹೋಗಬೇಕು. ನಡೆಯುವವರಿಗೆ ಬೀದಿಯ ಅಗಲವೆಲ್ಲ ಸೇರಿದ್ದು.

ಇದೆಲ್ಲ ಮೊದಲಿನಿಂದಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. 1971ರಲ್ಲಿ ಇಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ತಂದೆತಾಯಂದಿರು ಬೀದಿಗೆ ಇಳಿದರು. 1973ರಲ್ಲಿ ಪೆಟ್ರೋಲ್ ಸಂಕಟವೂ ಬಂತು. 1976ರಲ್ಲಿ ವೋನೆರ್ಫ್‌ಗೆ ಕಾನೂನೇ ಆಯಿತು. ಯುಟ್ರೆಕ್ಟ್ ಪಕ್ಕದ ಹೌಟನ್ ಊರನ್ನು ಒಂದು ಭಾನುವಾರ ನೋಡಿ ಬನ್ನಿ. ಅಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ಹೊರಗಿನ ವರ್ತುಲ ರಸ್ತೆ ಸುತ್ತಬೇಕು. ಸೈಕಲ್ ಮಾತ್ರ ನೇರವಾಗಿ ಊರ ಮಧ್ಯೆ ಹೋಗುತ್ತದೆ. ಕಾರ್ ಕೀ ತಗೊಳ್ಳೋಕೆ ಯಾರಿಗೂ ಮನಸ್ಸೇ ಬರುವುದಿಲ್ಲ, ಅಲ್ವಾ?

ಜಿಮ್ ದುಡ್ಡೂ ಉಳಿಯುತ್ತದೆ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆ ಸೈಕಲ್‌ನಲ್ಲಿ ಹತ್ತು ನಿಮಿಷ ದೂರ ಇದ್ದರೆ ಬಿಡೋಕೆ, ಕರೆತರೋಕೆ ಹೋಗಿಬರುವಷ್ಟರಲ್ಲಿ ದಿನಕ್ಕೆ ನಲವತ್ತು ನಿಮಿಷ. ಐದು ದಿನಕ್ಕೆ 200.

ಸೈಕಲ್ ಬಾರದಿದ್ದರೆ ನಾಚಿಕೆ ಬೇಡ, ಹಲವು ಊರುಗಳಲ್ಲಿ ದೊಡ್ಡವರಿಗೂ ಪಾಠ ಹೇಳಿಕೊಡುತ್ತಾರೆ. ಕತ್ತಲಾದರೆ ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಕಡ್ಡಾಯ. ರಸ್ತೆ ಮೇಲೆ ಬಿಳಿ ತ್ರಿಕೋನಗಳ ಚೂಪು ನಿಮ್ಮ ಕಡೆ ಇದ್ದರೆ ನೀವೇ ದಾರಿ ಬಿಡಬೇಕು. ಕೊಳ್ಳುವಾಗ ಹಿಂದಿನ ಚಕ್ರದ ಎರಡೂ ಬದಿಗೆ ಮುಚ್ಚಿಗೆ ಇರುವ ಸೈಕಲ್ ನೋಡಿ. ಅವರು ಕೋಟು ಸಿಕ್ಕಿಕೊಳ್ಳದಿರಲಿ ಅಂತ ಮಾಡಿದ್ದು, ನಮ್ಮ ದುಪಟ್ಟಾಗೂ ಆಗುತ್ತೆ. ಮತ್ತೆ, ಕೆಲವಕ್ಕೆ ಕೈ ಬ್ರೇಕೇ ಇರುವುದಿಲ್ಲ, ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಮೊದಲು ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿ. ನಾನು ಮಾಡಲಿಲ್ಲ. ಇಲ್ಲದ ಬ್ರೇಕ್ ಹಿಡಿಯೋಕೆ ಹೋಗಿ ಪಕ್ಕದ ಮನೆಯ ಬೇಲಿಗೇ ನುಗ್ಗಿದೆ.