ಸೋಗಾನೆಯಿಂದ ಹಾರುವವರಿಗೆ: ಆಸನ ಮತ್ತು ಆಹಾರದ ಆಯ್ಕೆ

ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ ಆರಂಭವಾದ ವಿಮಾನ ನಿಲ್ದಾಣಕ್ಕೆ ಬರುವ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನಗಳಲ್ಲಿ ನಡುದಾರಿಯ ಎರಡೂ ಬದಿಗೆ ಎರಡೆರಡೇ ಆಸನಗಳಿರುವುದರಿಂದ, ಇಬ್ಬರ ನಡುವೆ ಸಿಕ್ಕಿಕೊಳ್ಳುವ ಭಯವಿಲ್ಲ. ರೆಕ್ಕೆ ಕಿಟಕಿಗಿಂತ ಮೇಲಿದ್ದರೂ ಮಧ್ಯದ ಕೆಲವು ಸಾಲುಗಳಲ್ಲಿ ಎಂಜಿನ್ ನೋಟಕ್ಕೆ ಅಡ್ಡ ಬರುತ್ತದೆ, ಸದ್ದೂ ಹೆಚ್ಚು. ಆದ್ದರಿಂದ ಕಾಡು, ಅಡಿಕೆ ತೋಟಗಳನ್ನು ಮೇಲಿನಿಂದ ನೋಡಬಯಸುವವರು ವೆಬ್ ಚೆಕ್‌ಇನ್ ವೇಳೆ ಹಿಂದಿನ ಸಾಲುಗಳ ಕಿಟಕಿ ಆಸನವನ್ನು ಆರಿಸಿಕೊಳ್ಳುವುದು ಒಳಿತು. ಪ್ರಯಾಣಿಕರ ಬಾಗಿಲು ಹಿಂಬದಿಯಲ್ಲಿರುವುದರಿಂದ ಇಳಿಯುವುದೂ ಬೇಗ. ಮುಂದಿನ ಸೀಟಿಗೆ ಹೆಚ್ಚು ಹಣ ತೆರುವುದು ನನ್ನ ಮಟ್ಟಿಗೆ ದಂಡ.

ಕಡಿಮೆ ದರದ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಊಟ ಸೇರಿರುವುದಿಲ್ಲ. ಬೆಂಗಳೂರಿನವರೆಗಿನ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅದರ ಅಗತ್ಯವೂ ಇಲ್ಲ. ಅಲ್ಲಿಂದ ದೆಹಲಿಗೆ ಹೋಗುವವರು ಆ ಹಾರಾಟಕ್ಕೆ ಮಾತ್ರ ಊಟವನ್ನು ಮುಂಗಡ ಕಾಯ್ದಿರಿಸಲಿ. ವಿಮಾನದಲ್ಲಿ ಕಪ್‌ನಲ್ಲಿ ಬರುವ ದಿಢೀರ್ ಉಪ್ಪಿಟ್ಟು ಕೊಂಡರೆ, ಬಿಸಿನೀರು ಹಾಕಿಸಿಕೊಂಡು ಮುಚ್ಚಳ ಮುಚ್ಚಿ ಕೆಲವು ನಿಮಿಷ ಬಿಡಬೇಕು. ಇಲ್ಲವಾದರೆ ತಳದಲ್ಲಿ ಒಣ ರವೆಯೇ ಉಳಿದಿರುತ್ತದೆ.